ಒಂದು ಫೋಟೊ, ಏಳು ಪ್ರಶ್ನೆ: ಯಹೂದಿ ಇತಿಹಾಸದ ಪಾಠ ಹೀಗೆ ಮಾಡಿ ನೋಡಿ

ಮಾನ್ಯ ಸಂಪಾದಕರೇ,

ಹತ್ತನೇ ತರಗತಿಯಲ್ಲಿ ಹಿಟ್ಲರ್ ಮತ್ತು ನಾಜಿವಾದದ ಪಾಠ ಬಂದಾಗ ನಮ್ಮ ಭಾಗದ ಬಹುತೇಕ ಶಾಲೆಗಳಲ್ಲಿ ನಡೆಯುವುದು ಇಷ್ಟೇ. ಹಿಟ್ಲರನ ಬಾಲ್ಯ, ಮೀಸೆ, ಭಾಷಣ ಎಂದು ಅರ್ಧ ಪೀರಿಯಡ್ ಹೋಗುತ್ತದೆ. '60 ಲಕ್ಷ ಯಹೂದಿಗಳನ್ನು ಕೊಲ್ಲಲಾಯಿತು' ಎಂಬ ಸಾಲಿಗೆ ಅಡಿಗೆರೆ ಹಾಕಿಸಿದರೆ ಪಾಠ ಮುಗಿಯಿತು. ಒಂದು ಅಂಕದ ಪ್ರಶ್ನೆಗೆ ಅದು ಸಾಕು. ಆದರೆ ಸತ್ತವರು ಯಾರು, ಯಾವ ಮಾತಾಡುತ್ತಿದ್ದರು, ಹಬ್ಬಕ್ಕೆ ಏನು ಮಾಡುತ್ತಿದ್ದರು, ಮದುವೆಯಲ್ಲಿ ಹೇಗೆ ನಿಂತು ಫೋಟೊ ತೆಗೆಸಿಕೊಂಡಿದ್ದರು ಎಂಬ ಒಂದು ಸಂಗತಿಯೂ ಮಕ್ಕಳಿಗೆ ಸಿಗುವುದಿಲ್ಲ. ಇಡೀ ಪಾಠದಿಂದ ಅವರ ತಲೆಯಲ್ಲಿ ಉಳಿಯುವ ಒಂದೇ ಮನುಷ್ಯನ ಹೆಸರು ಕೊಂದವನದು. ಅವನನ್ನು 'ಗಟ್ಟಿ ನಾಯಕ' ಎಂದು ಹೊಗಳುವ ಸಂದೇಶ ಮೊಬೈಲಿಗೆ ಬಂದಾಗ ಹುಡುಗರು ನಂಬಿಬಿಡುವುದಕ್ಕೆ ಇದೂ ಒಂದು ಕಾರಣ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಜನವರಿ 27 ಜಗತ್ತಿನಾದ್ಯಂತ ಈ ಹತ್ಯಾಕಾಂಡದ ನೆನಪಿನ ದಿನ. 1945ರ ಆ ದಿನ ಸೋವಿಯತ್ ಸೇನೆ ನಾಜಿಗಳ ಆಶ್ವಿಟ್ಜ್ ಕೊಲೆ ಶಿಬಿರವನ್ನು ಬಿಡಿಸಿತು. 2005ರಲ್ಲಿ ವಿಶ್ವಸಂಸ್ಥೆ ಅದನ್ನು ಸ್ಮರಣೆಯ ದಿನವೆಂದು ಗೊತ್ತುಮಾಡಿತು. ಕಲಬುರಗಿ, ಬೀದರ್, ಯಾದಗಿರಿಯ ಶಾಲೆಗಳು ಈ ಪಾಠವನ್ನು ಮನೆತನದ ಕಥೆ ಮತ್ತು ಫೋಟೊಗಳ ಮೂಲಕ ಮಾಡಬೇಕು, ಅದಕ್ಕೆ ಆರು ಪೀರಿಯಡ್ ಕೊಡಬೇಕು ಎಂದು ಕೇಳಿಕೊಳ್ಳಲು ಈ ಪತ್ರ. ಹೇಗೆ ಮಾಡುವುದು, ಎಲ್ಲಿ ಕೆಡುತ್ತದೆ ಎಂಬುದನ್ನೂ ಬಿಡಿಸಿ ಬರೆದಿದ್ದೇವೆ. ಪತ್ರ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಮೊದಲ ಪೀರಿಯಡ್‌ಗೆ ಫೋಟೊ ಬೇಡ, ಹಾಜರಿ ಪುಸ್ತಕ ತೆಗೆದುಕೊಂಡರೆ ಸಾಕು. ನಮ್ಮ ಕಡೆಯ ತರಗತಿಗಳಲ್ಲಿ ಒಬ್ಬ ದಾವೂದ್, ಒಬ್ಬ ಯೂಸುಫ್, ಒಬ್ಬಳು ಮರಿಯಮ್ ಸಿಕ್ಕೇ ಸಿಗುತ್ತಾರೆ. ಬೀದರ್ ಜಿಲ್ಲೆಯ ಮೆಥೋಡಿಸ್ಟ್ ಕ್ರೈಸ್ತ ಮನೆತನಗಳಲ್ಲಿ ಡೇವಿಡ್, ಸಾಲೊಮನ್, ಮೋಸೆಸ್ ಎಂಬ ಹೆಸರು ಸಾಮಾನ್ಯ. ಕರಿಹಲಗೆಯ ಮೇಲೆ ಮೂರು ಕಾಲಂ ಎಳೆದು ದಾವೂದ್, ಡೇವಿಡ್, ದಾವಿದ್ ಎಂದು ಬರೆಯಿರಿ. ಕೆಳಗೆ ಯೂಸುಫ್, ಜೋಸೆಫ್, ಯೋಸೆಫ್. ಅದರ ಕೆಳಗೆ ಮೂಸಾ, ಮೋಸೆಸ್, ಮೋಶೆ. ಸುಲೇಮಾನ್, ಸಾಲೊಮನ್, ಶ್ಲೋಮೊ. ಮರಿಯಮ್, ಮೇರಿ, ಮಿರಿಯಮ್. ಮೂರನೇ ಕಾಲಂ ಯಹೂದಿಗಳ ಧರ್ಮಭಾಷೆ ಹಿಬ್ರೂ. ಹತ್ತು ನಿಮಿಷದ ಕೆಲಸ. ಯಹೂದಿ ಎಂದರೆ ಎಲ್ಲೋ ದೂರದ, ಬರೀ ಪಠ್ಯಪುಸ್ತಕದ ಶಬ್ದ ಎಂಬ ಭಾವನೆ ಅಲ್ಲಿಗೇ ಹೋಗುತ್ತದೆ. ಹಿಬ್ರೂ ಅಕ್ಷರದ ಒಂದು ಸಾಲು ತೋರಿಸಿದರೆ ಉರ್ದು ಬಲ್ಲ ಮಕ್ಕಳು ಅದನ್ನೂ ಬಲದಿಂದ ಎಡಕ್ಕೆ ಓದುತ್ತಾರೆಂದು ತಾವೇ ಊಹಿಸುತ್ತಾರೆ.

ಎರಡನೇ ಪೀರಿಯಡ್ ನಮ್ಮ ನೆರೆಯ ಯಹೂದಿಗಳಿಗೆ ಇರಲಿ. ಪೋಲಂಡ್, ಜರ್ಮನಿಗೆ ಹೋಗುವ ಮೊದಲು ಕೊಂಕಣಕ್ಕೆ ಹೋಗಬೇಕು. ಅಲ್ಲಿನ ಬೆನೆ ಇಸ್ರೇಲ್ ಸಮುದಾಯದ ಮನೆಮಾತು ಮರಾಠಿ. ಬಹಳ ಹಿಂದೆ ಕಡಲಿನಲ್ಲಿ ಹಡಗು ಒಡೆದು ನವಗಾಂವ್ ಹತ್ತಿರ ದಡ ಸೇರಿದ ಏಳು ಜೋಡಿಗಳಿಂದ ತಮ್ಮ ಕುಲ ಬೆಳೆಯಿತೆಂದು ಅವರು ಹೇಳಿಕೊಳ್ಳುತ್ತಾರೆ. ಎಣ್ಣೆ ಗಾಣ ಅವರ ಕಸುಬು. ಯಹೂದಿಗಳಿಗೆ ಶನಿವಾರ ಬಿಡುವಿನ ದಿನವಾದ್ದರಿಂದ ಅಂದು ಗಾಣ ಕಟ್ಟುತ್ತಿರಲಿಲ್ಲ. ಅದಕ್ಕೇ ಊರ ಮಂದಿ ಅವರನ್ನು 'ಶನಿವಾರ ತೇಲಿ' ಎಂದು ಕರೆದರು, ಅಂದರೆ ಶನಿವಾರದ ಗಾಣಿಗರು. ಊರ ಹೆಸರಿಗೆ 'ಕರ್' ಸೇರಿಸಿ ಮನೆತನದ ಹೆಸರು ಮಾಡಿಕೊಂಡರು. ಭಾಲ್ಕಿ, ಔರಾದ್, ಬಸವಕಲ್ಯಾಣದ ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ, ಅವರ ಬೆಂಚಿನಲ್ಲೇ ಅಂಥ ಅಡ್ಡಹೆಸರಿನವರು ಕೂತಿರುತ್ತಾರೆ. ಮರಾಠಿ ಓದಬಲ್ಲ ಮಕ್ಕಳಿರುವ ಗಡಿ ಶಾಲೆಗಳಿಗೆ ಈ ಸಮುದಾಯ ದೇವನಾಗರಿಯಲ್ಲಿ ಬರೆದಿಟ್ಟದ್ದನ್ನು ನೇರವಾಗಿ ಓದುವ ಅವಕಾಶವಿದೆ. ಬೆಂಗಳೂರಿನ ಶಾಲೆಗಳಿಗೂ ಅದು ಸುಲಭವಲ್ಲ.

ಊಟದ ಮಾತೂ ಬರಲಿ. ಅಲಾಯಿ (ಮೊಹರಂ) ಹಬ್ಬಕ್ಕೆ ನಮ್ಮ ಹಳ್ಳಿಗಳಲ್ಲಿ ಚೊಂಗೆ, ಮಾಲ್ದಿ ಮಾಡುತ್ತಾರೆ. ಬೆನೆ ಇಸ್ರೇಲರಲ್ಲೂ ಮಲೀದಾ ಎಂಬ ಆಚರಣೆ ಇದೆ. ಮಾಡುವ ಬಗೆ ಮಾತ್ರ ಬೇರೆ. ನೆನೆಸಿದ ಅವಲಕ್ಕಿಗೆ ಕಾಯಿತುರಿ, ಸಕ್ಕರೆ ಕಲಸಿ, ಸುತ್ತ ಹಣ್ಣು ಜೋಡಿಸಿ, ಪ್ರವಾದಿ ಎಲಿಯಾಹುವಿನ ಹೆಸರು ಹೇಳಿ ಪ್ರಾರ್ಥಿಸಿ ಹಂಚುತ್ತಾರೆ. ಆ ತಾಟಿನ ಫೋಟೊ ಒಂದಿದ್ದರೆ ಸಾಕು, ಆ ಸಮುದಾಯ ಇಲ್ಲಿನ ಮಣ್ಣಿನಲ್ಲಿ ಎಷ್ಟು ಬೆರೆತಿತ್ತು ಎಂಬುದಕ್ಕೆ ಬೇರೆ ಭಾಷಣ ಬೇಕಿಲ್ಲ.

ಇದೇ ಪೀರಿಯಡ್‌ನಲ್ಲಿ ಮಾಡಬೇಕಾದ ಬಹಳ ಮುಖ್ಯ ಕೆಲಸ ಇನ್ನೊಂದಿದೆ. ಕೇಳಿದ ಮಾತನ್ನೂ ದಾಖಲೆಯ ಮಾತನ್ನೂ ಬೇರೆ ಮಾಡುವುದು. ಸಾಮ್ಯುಯೆಲ್ ದಿವೇಕರ್ ಎಂಬ ಬೆನೆ ಇಸ್ರೇಲ್ ಸೈನಿಕ ಬ್ರಿಟಿಷರ ಪಡೆಯಲ್ಲಿದ್ದವರು. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯದ ಕೈಗೆ ಸಿಕ್ಕರು, ಬದುಕಿ ಹಿಂದಿರುಗಿದ್ದಕ್ಕೆ ಹರಕೆಯಂತೆ 1796ರಲ್ಲಿ ಮುಂಬಯಿಯಲ್ಲಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನೆಯ ಗುಡಿ, ಕಟ್ಟಿಸಿದರು. ಆ ಗುಡಿ ಇಂದಿಗೂ ಇದೆ, ಇಸವಿ ತಿಳಿದಿದೆ. ಟಿಪ್ಪುವಿನ ತಾಯಿ ಅಡ್ಡಬಂದು ಜೀವ ಉಳಿಸಿದಳು ಎಂಬುದು ಸಮುದಾಯದಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ಮಕ್ಕಳ ಕೈಗೆ ಹಸಿರು ಮತ್ತು ನೀಲಿ ಪೆನ್ನು ಕೊಡಿ. ಕಟ್ಟಡ, ಕಾಗದ, ಕಲ್ಲುಬರಹದಿಂದ ತಿಳಿಯುವ ಸಂಗತಿ ನೀಲಿಯಲ್ಲಿ, ಹೇಳುತ್ತ ಬಂದದ್ದು ಹಸಿರಿನಲ್ಲಿ. ಹಸಿರು ಸುಳ್ಳು ಎಂದು ಯಾರೂ ಹೇಳಬಾರದು. ಒಂದು ಮನೆತನ ತನ್ನ ಬಗ್ಗೆ ಏನನ್ನು ನೆನಪಿಟ್ಟುಕೊಳ್ಳಲು ಬಯಸಿತು ಎಂಬುದಕ್ಕೆ ಅದೇ ಸಾಕ್ಷಿ. ಮುಂದೆ ತಮ್ಮ ಮನೆಯ ಕಥೆ ಬರೆಯುವಾಗಲೂ ಈ ಎರಡು ಬಣ್ಣ ಬಿಡಬಾರದು.

ಮೂರನೇ ಮತ್ತು ನಾಲ್ಕನೇ ಪೀರಿಯಡ್ ಫೋಟೊಗಳದು. ಇಲ್ಲಿ ಎರಡು ಸಂಗ್ರಹಗಳನ್ನು ಎದುರುಬದುರು ಇಡಬೇಕು. ಒಂದು, ಈಗಿನ ಲಿಥುವೇನಿಯಾದಲ್ಲಿರುವ ಎಯ್ಶಿಶೋಕ್ ಎಂಬ ಸಣ್ಣ ಊರಿನದು. ಸುಮಾರು ಒಂಬತ್ತು ಶತಮಾನ ಯಹೂದಿಗಳು ಬಾಳಿದ ಊರದು. 1941ರ ಸೆಪ್ಟೆಂಬರ್‌ನಲ್ಲಿ ಎರಡೇ ದಿನದಲ್ಲಿ ಅಲ್ಲಿನ ಯಹೂದಿಗಳನ್ನು ಗುಂಡಿಕ್ಕಿ ಕೊಂದರು. ಮಗುವಾಗಿದ್ದು ಬದುಕಿ ಉಳಿದ ಯಾಫಾ ಎಲಿಯಾಕ್ ಮುಂದೆ ಇತಿಹಾಸ ಪ್ರಾಧ್ಯಾಪಕಿಯಾಗಿ, ಊರಿನವರ ನೆಂಟರು ಚದುರಿದ ದೇಶದೇಶಗಳನ್ನು ಸುತ್ತಿ ಫೋಟೊ ಕೂಡಿಸಿದರು. ಆಕೆಯ ಅಜ್ಜ ಅಜ್ಜಿಯೇ ಆ ಊರಿನ ಫೋಟೊ ಸ್ಟುಡಿಯೊದವರು. 1993ರಲ್ಲಿ ತೆರೆದ ವಾಷಿಂಗ್ಟನ್‌ನ ಸ್ಮಾರಕ ಸಂಗ್ರಹಾಲಯದಲ್ಲಿ ಆ ಫೋಟೊಗಳಲ್ಲಿ ಸಾವಿರದಷ್ಟನ್ನು ಮಹಡಿಗಳ ಎತ್ತರಕ್ಕೆ ಗೋಪುರದಂತೆ ಜೋಡಿಸಿದ್ದಾರೆ. ಒಂದರಲ್ಲೂ ಹೆಣವಿಲ್ಲ. ಮದುವೆ, ಕೂಸು, ಗೆಳತಿಯರು, ಶಾಲೆಯ ಗುಂಪು ಇವೇ ಇವೆ. ಕಲಬುರಗಿಯ ಹಳೆ ಮನೆಯೊಂದರ ಪಡಸಾಲೆಯಲ್ಲಿ ತೂಗುಹಾಕಿದ ಫೋಟೊಗಳನ್ನು ನೋಡಿದ ಹಾಗೇ ಆಗುತ್ತದೆ.

ಇನ್ನೊಂದು ಆಶ್ವಿಟ್ಜ್ ಆಲ್ಬಮ್. ಇದನ್ನು ತೆಗೆದವರು ನಾಜಿ ಎಸ್‌ಎಸ್ ಪಡೆಯವರು, ತೆಗೆದದ್ದು 1944ರ ಮೇ-ಜೂನ್ ಹೊತ್ತಿಗೆ, ಹಂಗರಿಯಿಂದ ರೈಲಿನಲ್ಲಿ ತಂದು ಇಳಿಸಿದ ಯಹೂದಿಗಳನ್ನು. ಆ ಬೇಸಿಗೆಯಲ್ಲಿ ಎಂಟೇ ವಾರಗಳಲ್ಲಿ ಹಂಗರಿಯಿಂದ 4 ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸಿದ್ದರು. ಆಲ್ಬಮ್‌ನಲ್ಲಿ 193 ಫೋಟೊಗಳಿವೆ. ಮೇಲೆ ಬರೆದ ಹೆಸರು 'ಹಂಗರಿಯ ಯಹೂದಿಗಳ ಪುನರ್ವಸತಿ'. ಕೊಲ್ಲಲು ತಂದವರನ್ನು ಪುನರ್ವಸತಿ ಎಂದು ಕರೆದಿದ್ದಾರೆ. ಫೋಟೊದ ಕೆಳಗಿನ ಬರಹವೂ ಸುಳ್ಳಾಡಬಲ್ಲದು ಎಂದು ಕಲಿಸಲು ಇದಕ್ಕಿಂತ ಬೇರೆ ಉದಾಹರಣೆ ಬೇಡ. ಈ ಆಲ್ಬಮ್ ಸಿಕ್ಕದ್ದು ಲಿಲಿ ಜೇಕಬ್ ಎಂಬ ಯುವತಿಗೆ. 1945ರಲ್ಲಿ ಡೋರಾ ಎಂಬ ಬೇರೊಂದು ಶಿಬಿರ ಬಿಡುಗಡೆಯಾದಾಗ, ಎಸ್‌ಎಸ್‌ನವರು ಬಿಟ್ಟುಹೋದ ಕೋಣೆಯೊಂದರಲ್ಲಿ ಆಕೆಯ ಕೈಗೆ ಬಂತು. ತೆರೆದು ನೋಡಿದರೆ ಅದರಲ್ಲಿದ್ದವರು ಆಕೆಯ ಊರಿನ ಮಂದಿಯೇ. ಊರಿನ ಧರ್ಮಗುರು ಇದ್ದರು, ಒಡಹುಟ್ಟಿದ ಇಬ್ಬರು ತಮ್ಮಂದಿರೂ ಇದ್ದರು.

ಆ ತಮ್ಮಂದಿರ ಫೋಟೊ ಒಂದನ್ನೇ ಇಟ್ಟುಕೊಂಡು ಇಡೀ ಪೀರಿಯಡ್ ಕೂಡಬಹುದು. ಇಬ್ಬರು ಹುಡುಗರು ನಿಂತಿದ್ದಾರೆ. ಮೈಮೇಲೆ ಒಂದೇ ಥರದ ಕೋಟು, ತಲೆಗೆ ಟೋಪಿ, ಎದೆಯ ಮೇಲೆ ಹೊಲಿದ ನಕ್ಷತ್ರ. ಇಬ್ಬರೂ ಕ್ಯಾಮರಾ ಕಡೆಗೇ ನೋಡುತ್ತಿದ್ದಾರೆ. ನಾಗರಪಂಚಮಿಗೋ ಉಗಾದಿಗೋ ಒಂದೇ ತಾನಿನ ಬಟ್ಟೆ ತಂದು ಅಣ್ಣತಮ್ಮಂದಿರಿಗೆ ಜೋಡಿ ಅಂಗಿ ಹೊಲಿಸುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. 'ಈ ಕೋಟು ಯಾರು ತೊಡಿಸಿರಬೇಕು? ಗುಂಡಿ ಯಾರು ಹಾಕಿರಬೇಕು?' ಎಂದು ಕೇಳಿ ಸುಮ್ಮನಿದ್ದುಬಿಡಿ. ಉತ್ತರ ಮಕ್ಕಳಿಂದಲೇ ಬರುತ್ತದೆ. ಆಮೇಲೆ ಮಾತ್ರ ಹೇಳಿ: ಇವರ ಹೆಸರು ಸ್ರಿಲ್ ಮತ್ತು ಜೆಲಿಗ್, ಊರು ಬಿಲ್ಕೆ, ಶಿಬಿರಕ್ಕೆ ಬಂದಾಗಲೇ ಇವರನ್ನು ವಿಷಾನಿಲದ ಕೋಣೆಗೆ ಕಳಿಸಿದರು, ಫೋಟೊ ತೆಗೆದದ್ದು ಆ ಕೆಲಸ ಮಾಡುತ್ತಿದ್ದ ಪಡೆಯವರೇ. ಎಯ್ಶಿಶೋಕ್‌ನ ಸ್ಟುಡಿಯೊದವರು ತೆಗೆದ ಫೋಟೊ ಪಕ್ಕಕ್ಕಿಟ್ಟು, ಕ್ಯಾಮರಾ ಹಿಂದೆ ಯಾರು ನಿಂತಿದ್ದಾರೆ ಎಂಬುದರಿಂದ ಫೋಟೊ ಹೇಗೆ ಬದಲಾಗುತ್ತದೆ ಎಂದು ಬರೆಯಲು ಹೇಳಿ.

ಇನ್ನು ಕೈಕೆಲಸದ ವಿವರ. ಐವತ್ತು ಅರವತ್ತು ಮಕ್ಕಳ ತರಗತಿಗೆ ಆರು ಫೋಟೊ, ಒಂದೊಂದರ ಎರಡು ಪ್ರತಿ, ಒಟ್ಟು ಹನ್ನೆರಡು ಪ್ರಿಂಟ್. ಐದೈದು ಮಕ್ಕಳ ಗುಂಪಿಗೆ ಒಂದು. ಸಾದಾ ಜೆರಾಕ್ಸ್ ಮಾಡಿಸಬೇಡಿ, ಮುಖಗಳೆಲ್ಲ ಕಪ್ಪಾಗಿ ಕಣ್ಣು ಕಾಣುವುದಿಲ್ಲ. ಎ4 ಅಳತೆಗೆ ಫೋಟೊದ ಅಗಲ 1,200 ಪಿಕ್ಸೆಲ್‌ಗಿಂತ ಕಡಿಮೆ ಇದ್ದರೆ ಚಿತ್ರ ಒಡೆದು ಕಾಣುತ್ತದೆ, ಆಗ ಅರ್ಧ ಅಳತೆಗೆ ತೆಗೆಸಿ. ಹಳೆ ಕ್ಯಾಲೆಂಡರಿನ ರಟ್ಟಿನಿಂದ ಫೋಟೊದ ಮುಕ್ಕಾಲು ಭಾಗ ಮುಚ್ಚುವ ಹಾಗೆ ಮುಸುಕು ಕತ್ತರಿಸಿಟ್ಟುಕೊಳ್ಳಿ. ಒಂದು ಮೂಲೆ ಮಾತ್ರ ತೆರೆದು ಎರಡು ನಿಮಿಷ, ಮುಂದಿನ ಮೂಲೆ ಎರಡು ನಿಮಿಷ, ಹೀಗೆ ಎಂಟು ನಿಮಿಷ ಯಾರೂ ಮಾತಾಡದೆ ಕಂಡ ವಸ್ತುಗಳನ್ನಷ್ಟೇ ಬರೆಯಬೇಕು: ಕುರ್ಚಿ, ಚಪ್ಪಲಿ, ನೆರಳು, ಗೋಡೆ, ಕೈಗಡಿಯಾರ. 'ದುಃಖ', 'ಬಡತನ', 'ಭಯ' ಎಂದು ಬರೆದವರಿಗೆ ಹೊಡೆದುಹಾಕಲು ಹೇಳಿ. ಈ ನಿಯಮ ಬಿಟ್ಟರೆ ಮಕ್ಕಳು ಫೋಟೊ ನೋಡುವುದನ್ನು ಬಿಟ್ಟು ಮಾಸ್ತರರಿಗೆ ಇಷ್ಟವಾಗುವ ಉತ್ತರ ಹುಡುಕುತ್ತಾರೆ.

ಅದಾದ ಮೇಲೆ ಏಳು ಪ್ರಶ್ನೆ. ಇದರಲ್ಲಿ ಯಾರಿದ್ದಾರೆ? ಯಾವ ಊರು? ಯಾವ ಕಾಲ? ತೆಗೆದವರು ಯಾರು? ಯಾತಕ್ಕೆ ತೆಗೆಸಿದರು? ಇರಬೇಕಾಗಿದ್ದೂ ಇಲ್ಲದವರು ಯಾರು? ಈ ಫೋಟೊ ಇಲ್ಲಿಯವರೆಗೆ ಹೇಗೆ ಉಳಿದು ಬಂತು? ಮೊದಲ ಮಹಾಯುದ್ಧಕ್ಕೆ ಮುಂಚೆ ರಷ್ಯಾ ಸಾಮ್ರಾಜ್ಯದ ಯಹೂದಿ ಊರುಗಳನ್ನು ಸುತ್ತಿದ ಅನ್‌ಸ್ಕಿ ಎಂಬ ಜಾನಪದ ವಿದ್ವಾಂಸರು ಹುಟ್ಟಿನಿಂದ ಸಾವಿನವರೆಗೆ 2,087 ಪ್ರಶ್ನೆಗಳ ಪಟ್ಟಿ ಸಿದ್ಧಪಡಿಸಿದ್ದರು. ಹೈಸ್ಕೂಲಿಗೆ ಏಳು ಸಾಕು. ಆದರೆ ಕೊನೆಯ ಎರಡನ್ನು ಬಿಡಲೇಬಾರದು, ಕಥೆ ಹೊರಡುವುದು ಅಲ್ಲಿಂದಲೇ.

ಐದನೇ ಪೀರಿಯಡ್‌ಗೆ ಸುತಳಿ ಬೇಕು. 1900ರಿಂದ 1960ರವರೆಗೆ, ವರ್ಷಕ್ಕೆ ಹತ್ತು ಸೆಂಟಿಮೀಟರ್‌ನಂತೆ ಆರು ಮೀಟರ್. ಇಪ್ಪತ್ತು ಅಡಿ ಗೋಡೆಗೆ ಸರಿಯಾಗಿ ಕೂಡುತ್ತದೆ. ಹತ್ತು ವರ್ಷಕ್ಕೊಂದು ಗಂಟು. ಸುತಳಿಯ ಮೇಲ್ಭಾಗಕ್ಕೆ ಯಹೂದಿ ಮನೆತನಗಳ ಚೀಟಿ, ಬಟ್ಟೆ ಕ್ಲಿಪ್ಪಿನಿಂದ. 1935ರಲ್ಲಿ ನ್ಯೂರೆಂಬರ್ಗ್ ಕಾನೂನು. 1938ರಲ್ಲಿ ಜರ್ಮನಿಯ ಯಹೂದಿಗಳ ಪಾಸ್‌ಪೋರ್ಟಿಗೆ ಕೆಂಪು 'ಜೆ' ಮುದ್ರೆ. ಆ ವರ್ಷದ ನವೆಂಬರ್ 9ರ ರಾತ್ರಿ ಸಿನಗಾಗ್‌ಗಳಿಗೆ ಬೆಂಕಿ. ಆಮೇಲೆ ಎಯ್ಶಿಶೋಕ್‌ನ 1941, ಹಂಗರಿಯ 1944, ಶಿಬಿರಗಳು ಬಿಡುಗಡೆಯಾದ 1945. ಕೆಳಭಾಗಕ್ಕೆ ನಮ್ಮ ಮನೆಗಳ ಚೀಟಿ: ಮುತ್ಯಾನ ಹುಟ್ಟು, ಆಯಿಯ ಮದುವೆ, ಬಾವಿ ತೋಡಿಸಿದ್ದು, ಪೊಲೀಸ್ ಆ್ಯಕ್ಷನ್ ಮುಗಿದು ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948ರ ಸೆಪ್ಟೆಂಬರ್ 17, ಕರ್ನಾಟಕ ಒಂದಾದ 1956ರ ನವೆಂಬರ್ 1. ಎರಡೂ ಸಾಲು ಒಂದೇ ದಾರದ ಮೇಲೆ ಬಂದಾಗ 1944 ಎಂಬುದು ಪುರಾಣಕಾಲವಲ್ಲ, ಮುತ್ಯಾನ ಅಪ್ಪ ಬದುಕಿದ್ದ ವರ್ಷ ಎಂದು ಮಕ್ಕಳಿಗೆ ಕಾಣುತ್ತದೆ.

ಅದೇ ದಾರದ ಮೇಲೆ ಎರಡು ಚೀಟಿ ನಮ್ಮ ಕಡೆಯಿಂದ. 1934ರಲ್ಲಿ ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರ ಯುರೋಪು ಬಿಟ್ಟು ಮುಂಬಯಿಗೆ ಬಂದರು. ಬೆಳಗ್ಗೆ ಪ್ರಸಾರ ಶುರುವಾಗುವ ಮುನ್ನ ಆಕಾಶವಾಣಿಯಲ್ಲಿ ಬರುವ ಸಂಕೇತ ರಾಗದ ಕರ್ತೃ ಎಂದು ಸಾಮಾನ್ಯವಾಗಿ ಹೇಳುವುದು ಅವರನ್ನೇ. ಕಲಬುರಗಿ ಆಕಾಶವಾಣಿ ಕೇಳಿ ಬೆಳೆದ ಹಿರಿಯರಿಗೆ ಆ ರಾಗ ಬಾಯಿಪಾಠ. ಮೊಬೈಲಿನಲ್ಲಿ ನುಡಿಸಿ ತೋರಿಸಿದರೆ ಮನೆಯ ಹಿರಿಯರ ಬಾಯಿ ಬಿಡಿಸಲು ಅದಕ್ಕಿಂತ ಒಳ್ಳೆ ಉಪಾಯವಿಲ್ಲ. ಬರ್ಲಿನ್‌ನಲ್ಲಿ ಹುಟ್ಟಿದ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು, ಮುಂದೆ ಭುವನೇಶ್ವರ ನಗರದ ನಕ್ಷೆ ಹಾಕಿದವರೂ ಅವರೇ. ಅಲ್ಲಿಂದ ಓಡಿಬಂದವರಿಗೆ ಇಲ್ಲಿ ಕೆಲಸ ಸಿಕ್ಕಿತ್ತು.

ನ್ಯೂರೆಂಬರ್ಗ್ ಕಾನೂನಿನ ಬಗ್ಗೆ ಎರಡು ಮಾತು ಹೆಚ್ಚು ಬೇಕು. ಯಾರು ಯಹೂದಿ ಎಂದು ನಿರ್ಧರಿಸಲು ಅದು ನೋಡಿದ್ದು ಅಜ್ಜ-ಅಜ್ಜಿಯರನ್ನು. ನಾಲ್ವರಲ್ಲಿ ಮೂವರು ಯಹೂದಿಗಳಾದರೆ, ನೀನು ಗುಡಿಗೆ ಹೋಗು ಬಿಡು, ನೀನು ಯಹೂದಿ. ವಂಶವೃಕ್ಷ ಎಂಬ ಶಬ್ದ ನಮ್ಮ ಮಕ್ಕಳಿಗೆ ನಾಡಕಚೇರಿಯ ಕಾಗದದಿಂದ ಗೊತ್ತು. ಅಲ್ಲಿ ಅದು ಹಕ್ಕು, ಸವಲತ್ತು ಪಡೆಯಲು ಬೇಕಾದ ಕಾಗದ. ನಾಜಿಗಳ ಕೈಯಲ್ಲಿ ಅದೇ ವಂಶವೃಕ್ಷ ಹಕ್ಕು ಕಸಿಯುವ ಕಾಗದವಾಯಿತು. ಈ ವ್ಯತ್ಯಾಸವನ್ನು ಅವಸರ ಮಾಡದೆ ಬಿಡಿಸಿ ಹೇಳಬೇಕು. ಮಕ್ಕಳು ತಮ್ಮ ವಂಶವೃಕ್ಷ ಬರೆಯುವಾಗ ಹೆಸರು, ಊರು, ಕಸುಬು ಇಷ್ಟೇ ಕಾಲಂ ಇರಲಿ, ಜಾತಿಯ ಕಾಲಂ ಬೇಡವೇ ಬೇಡ.

ಮನೆಗೆಲಸಕ್ಕೆ ಒಂದು ವಾರ ಬೇಕು. ಮೂಲ ಫೋಟೊ ಶಾಲೆಗೆ ತರಿಸಬೇಡಿ. ಕಳೆದರೆ ಮತ್ತೆ ಸಿಗುವುದಿಲ್ಲ. ಮೊಬೈಲಿನಲ್ಲಿ ತೆಗೆದು ತರಲಿ. ಪಡಸಾಲೆಯ ನೆರಳಿನಲ್ಲಿ ಬೆಳಗ್ಗೆ ಎಂಟರ ಸುಮಾರಿಗೆ, ಫ್ಲ್ಯಾಶ್ ಆರಿಸಿ, ಫೋಟೊವನ್ನು ಕಪ್ಪು ಬಟ್ಟೆಯ ಮೇಲೆ ಚಪ್ಪಟೆಯಾಗಿಟ್ಟು, ಮೊಬೈಲ್ ಸರಿಯಾಗಿ ಮೇಲೆ ಹಿಡಿದು ತೆಗೆಯಬೇಕು. ಫ್ರೇಮಿನ ಗಾಜು ಹೊಳೆದರೆ ಮೊಬೈಲಿನ ಹಿಂದೆ ಕಪ್ಪು ಚಾದರ ಹಿಡಿಯಿರಿ. ಗಾಜಿಗೆ ಅಂಟಿಕೊಂಡ ಫೋಟೊವನ್ನು ಕೀಳಲು ಹೋಗಬೇಡಿ, ಮುಖದ ಮೇಲ್ಪದರವೇ ಗಾಜಿನ ಜೊತೆ ಕಿತ್ತುಬರುತ್ತದೆ. ಗಾಜಿನ ಮೇಲಿನಿಂದಲೇ ತೆಗೆಯಿರಿ. ಕುಂಕುಮ, ಗಂಧ ಮೆತ್ತಿದ್ದರೆ ಗಾಜನ್ನು ಒಣಬಟ್ಟೆಯಿಂದ ಒರೆಸಿ. ಬರೀ ಫೋಟೊ ಇದ್ದರೆ ಅದಕ್ಕೆ ನೀರು ತಾಕಿಸಲೇಬೇಡಿ. ಲ್ಯಾಮಿನೇಷನ್ ಮಾಡಿಸಬೇಡಿ. ಬಾಲ್‌ಪೆನ್ನಿನಿಂದ ಹಿಂದೆ ಬರೆದರೆ ಮುಂದೆ ಅಚ್ಚು ಮೂಡುತ್ತದೆ, ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಿಂದ, ಅಂಚಿನಲ್ಲಿ ಮಾತ್ರ. ಸ್ಕ್ಯಾನ್ ಮಾಡಿಸುವವರು 600 ಡಿಪಿಐ ಕೇಳಿ.

ಹಿಂಬದಿಯ ಫೋಟೊವನ್ನೂ ತೆಗೆಯಲೇಬೇಕು. ಸ್ಟುಡಿಯೊ ಮುದ್ರೆ, ತಾರೀಖು, ಯಾರೋ ಬರೆದ ಹೆಸರು ಅಲ್ಲಿರುತ್ತದೆ. ನಿಜಾಮರ ಕಾಲದಲ್ಲಿ ಶಾಲೆ, ಕಚೇರಿ ಎಲ್ಲ ಉರ್ದುವಿನಲ್ಲಿ ನಡೆದದ್ದರಿಂದ ಹಿಂದೂ ಮನೆತನಗಳ ಫೋಟೊ ಹಿಂದೆಯೂ ಉರ್ದು ಬರಹ ಸಿಗುತ್ತದೆ. ಕೆಲವು ಕಡೆ ಮೋಡಿ, ಅಂದರೆ ಮರಾಠಿಯ ಹಳೆ ಕೈಬರಹದ ಲಿಪಿ. ಮನೆಯಲ್ಲಿ ಓದುವವರಿಲ್ಲದಿದ್ದರೆ ಪಕ್ಕದ ಉರ್ದು ಶಾಲೆಯ ಉಸ್ತಾದರನ್ನು ಕೇಳಲಿ. ಇಸವಿ ಇಲ್ಲದಿದ್ದರೆ ಕಾಗದ ನೋಡಬೇಕು. ರಟ್ಟಿಗೆ ಅಂಟಿಸಿದ ಕಂದು ಬಣ್ಣದ ಫೋಟೊ ಹೆಚ್ಚು ಹಳೆಯದು. ಅಂಚು ಗರಗಸದಂತೆ ಕತ್ತರಿಸಿದ ಕಪ್ಪು-ಬಿಳುಪು ಫೋಟೊ 1940ರಿಂದ 60ರ ದಶಕಗಳ ಕಡೆಗೆ ಬೆರಳು ತೋರಿಸುತ್ತದೆ. ಬಣ್ಣದ ಫೋಟೊ ಕೆಂಪಗೆ ತಿರುಗಿದ್ದರೆ ಅದರ ನೀಲಿ-ಹಸಿರು ಬಣ್ಣ ಹಾರಿಹೋಗಿದೆ ಎಂದರ್ಥ. ತಯಾರಿಸುವಾಗ ಸ್ಟುಡಿಯೊದಲ್ಲೇ ಚೆನ್ನಾಗಿ ತೊಳೆದ ಹಳೆ ಕಪ್ಪು-ಬಿಳುಪು ಫೋಟೊ ಇವುಗಳಿಗಿಂತ ಗಟ್ಟಿಯಾಗಿ ಉಳಿದಿರುತ್ತದೆ.

ಹಿರಿಯರ ಮಾತು ಧ್ವನಿಮುದ್ರಿಸುವಾಗ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಟವೆಲ್ ಮೇಲೆ, ಮಾತಾಡುವವರಿಂದ ಎರಡು ಗೇಣು ದೂರದಲ್ಲಿಡಬೇಕು. ಫ್ಯಾನಿನ ಸದ್ದು ಮಾತನ್ನು ನುಂಗುತ್ತದೆ. ನಮ್ಮ ಬಿಸಿಲಿನಲ್ಲಿ ಹಗಲು ಫ್ಯಾನ್ ಆರಿಸಿ ಮುದುಕರನ್ನು ಕೂಡಿಸುವುದು ಸರಿಯಲ್ಲ, ಆದ್ದರಿಂದ ಬೆಳಗಿನ ಹೊತ್ತೇ ಆಗಬೇಕು, ಅದೂ ಅರ್ಧ ತಾಸು ಮೀರದಂತೆ. 'ಹಳೇದು ಏನಾರ ಹೇಳು' ಎಂದರೆ 'ಏನದ ಹೇಳೂದು' ಎನ್ನುತ್ತಾರೆ. ಫೋಟೊ ಕೈಗೆ ಕೊಟ್ಟು ಒಂದು ವಸ್ತುವಿನ ಮೇಲೆ ಬೆರಳಿಡಬೇಕು. 'ಆಯಿ, ಈ ಕುರ್ಚಿ ಯಾರ ಮನಿದು?' 'ಈ ಸೀರಿ ಎಲ್ಲಿಂದ ತಂದಿದ್ರು?' 'ಇದ್ರಾಗ ದೊಡ್ಡಪ್ಪ ಯಾಕಿಲ್ಲ?' ಕುರ್ಚಿಯಿಂದ ಶುರುವಾದ ಮಾತು ಊರಿಗೇ ಹೋಗುತ್ತದೆ. ಇಸವಿ ಕೇಳಬೇಡಿ, ಗುರುತಿನ ಘಟನೆ ಕೇಳಿ: ಪೊಲೀಸ್ ಆ್ಯಕ್ಷನ್‌ಗಿಂತ ಮೊದಲೋ ಆಮೇಲೋ, 72ರ ಬರಕ್ಕಿಂತ ಮೊದಲೋ, 1993ರ ಕಿಲ್ಲಾರಿ ಭೂಕಂಪ ಆದಾಗ ಈ ಮನೆ ಇತ್ತೋ.

ಫೋಟೊ ಇಲ್ಲದ ಮನೆಗಳು ನಮ್ಮಲ್ಲಿ ಬಹಳ ಇವೆ. ಕೂಲಿ ಮಾಡುವವರ, ತಾಂಡಾದವರ ಎಷ್ಟೋ ಮನೆಗಳಲ್ಲಿ ಮೊದಲ ಫೋಟೊ ಎಂದರೆ ಮತದಾರರ ಚೀಟಿಯದೇ. ಅಂಥ ಮಗುವನ್ನು ತರಗತಿಯಲ್ಲಿ ಬರಿಗೈಯಲ್ಲಿ ನಿಲ್ಲಿಸುವುದು ತಪ್ಪು. ಕೌದಿ, ಬೀಸುಕಲ್ಲು, ಹಿತ್ತಾಳಿ ತಂಬಿಗೆ, ಹಳೆ ಟಿಸಿ, ಪಹಣಿ, ಏನಾದರೂ ನಡೆಯುತ್ತದೆ ಎಂದು ಮೊದಲ ದಿನವೇ ಹೇಳಿ. ವಾರ್ಸಾ ನಗರದಲ್ಲಿ ಗೋಡೆ ಕಟ್ಟಿ ಯಹೂದಿಗಳನ್ನು ಕೂಡಿಹಾಕಿದ್ದಾಗ ಇಮ್ಯಾನುಯೆಲ್ ರಿಂಗೆಲ್‌ಬ್ಲಮ್ ಎಂಬ ಇತಿಹಾಸಕಾರ ಮತ್ತು ಜೊತೆಗಾರರು ಗುಟ್ಟಾಗಿ ಕೂಡಿಸಿದ್ದೂ ಇಂಥವನ್ನೇ: ದಿನಚರಿ, ರೇಷನ್ ಕಾರ್ಡು, ಟ್ರಾಮ್ ಟಿಕೇಟು, ಮಿಠಾಯಿ ಕಾಗದ ಸಹ. ತಗಡಿನ ಪೆಟ್ಟಿಗೆಗಳಲ್ಲೂ ಹಾಲಿನ ಕ್ಯಾನ್‌ಗಳಲ್ಲೂ ತುಂಬಿ ಹೂತಿಟ್ಟರು. ಯುದ್ಧ ಮುಗಿದ ಮೇಲೆ 1946ರಲ್ಲಿ ಹತ್ತು ಪೆಟ್ಟಿಗೆ, 1950ರಲ್ಲಿ ಎರಡು ಕ್ಯಾನ್ ಅಗೆದು ತೆಗೆದರು. ಇನ್ನೊಂದು ಪಾಲು ಇಂದಿಗೂ ಸಿಕ್ಕಿಲ್ಲ. ಹಾಗೆಯೇ ಎತ್ತಿನ ಮೇಲೆ ಬಂದು ತಲೆಮಾರುಗಳ ಹೆಸರು ಹೇಳುವ ಹೆಳವರು ಮನೆಗೆ ಬರುತ್ತಿದ್ದರೆ ಅವರ ಮಾತನ್ನೂ ಬರೆದುಕೊಳ್ಳಲಿ.

ಆರನೇ ಪೀರಿಯಡ್‌ನಲ್ಲಿ ಪ್ರತಿ ಮಗು ಎರಡು ಪುಟ ಬರೆಯಬೇಕು. ಮಾದರಿ ಜೆರುಸಲೇಮಿನ ಯಾದ್ ವಶೇಮ್ ಸ್ಮಾರಕದ ಸಾಕ್ಷ್ಯಪುಟ. ಸತ್ತವರ ಹೆಸರು, ತಾಯಿ ತಂದೆ, ಹುಟ್ಟಿದ ಊರು, ಕಸುಬು, ಯುದ್ಧಕ್ಕೆ ಮೊದಲು ಇದ್ದ ಜಾಗ, ಸತ್ತ ಬಗೆ, ಬರೆದವರಿಗೂ ಅವರಿಗೂ ಏನು ಸಂಬಂಧ, ಮೂಲೆಯಲ್ಲಿ ಫೋಟೊ. ಗುಂಪಿನ ಐವರೂ ತಮಗೆ ಕೊಟ್ಟ ಯಹೂದಿ ಮನೆತನದ ಒಂದು ಪುಟ, ತಮ್ಮ ಮನೆಯ ಒಂದು ಪುಟ ಬರೆಯಲಿ. ವಿಯೆನ್ನಾದ ಸೆಂಟ್ರೋಪಾ ಸಂಸ್ಥೆ 2000ದಿಂದ ಮುಂದೆ ಸಾವಿರಕ್ಕೂ ಹೆಚ್ಚು ಯಹೂದಿ ಹಿರಿಯರನ್ನು ಅವರ ಮನೆಯ ಫೋಟೊ ಮುಂದಿಟ್ಟುಕೊಂಡೇ ಮಾತಾಡಿಸಿ, ಅದನ್ನು ಶಿಕ್ಷಕರಿಗೆ ತೆರೆದಿಟ್ಟಿದೆ. ಫೋಟೊ, ಹೆಸರು, ಊರು ಒಟ್ಟಿಗೆ ಸಿಗುವುದರಿಂದ ನಮ್ಮ ಕೆಲಸಕ್ಕೆ ಅದು ಬಹಳ ಒದಗುತ್ತದೆ.

ಎಲ್ಲಿ ಕೆಡುತ್ತದೆ ಎಂಬುದನ್ನೂ ಹೇಳಬೇಕು. ಹೆಣಗಳ ರಾಶಿ ತೋರಿಸಬೇಡಿ. ಹದಿನೈದರ ಮಕ್ಕಳು ಅದನ್ನು ನೋಡಿ ಮುಖ ತಿರುಗಿಸುತ್ತಾರೆ, ಇಲ್ಲವೇ ತಡೆದುಕೊಳ್ಳಲಾಗದೆ ನಗುತ್ತಾರೆ. ಎರಡರಲ್ಲೂ ಸತ್ತವರಿಗೆ ಅವಮಾನ. ಮಕ್ಕಳ ಎದೆಗೆ ನಕ್ಷತ್ರ ಅಂಟಿಸಿ ನಾಟಕ ಆಡಿಸಬೇಡಿ. ಆ ನೋವನ್ನು ಅಭಿನಯದಲ್ಲಿ ತಿಳಿಯಲು ಆಗುವುದಿಲ್ಲ, ಆಟವಾಗಿ ಮುಗಿಯುತ್ತದೆ. ಇಂಟರ್‌ನೆಟ್ಟಿನಲ್ಲಿ ಬಣ್ಣ ಹಚ್ಚಿದ, ಎಐನಿಂದ ಮುಖ ತಿದ್ದಿದ ಚಿತ್ರಗಳೂ ಸಿನಿಮಾ ದೃಶ್ಯಗಳೂ ಅಸಲಿ ಫೋಟೊ ಎಂದು ಓಡಾಡುತ್ತಿವೆ. ಸಂಗ್ರಹಾಲಯದ ಸ್ವಂತ ತಾಣದಲ್ಲಿ ಹೆಸರು, ಸ್ಥಳ, ಇಸವಿ ಸಮೇತ ಇರುವ ಫೋಟೊ ಬಿಟ್ಟು ಬೇರೆ ಮುಟ್ಟಬೇಡಿ. ವಾರ್ಸಾದಲ್ಲಿ ಕೈ ಮೇಲೆತ್ತಿ ನಿಂತ ಹುಡುಗನ ಫೋಟೊ ಜಗತ್ತಿಗೇ ಗೊತ್ತು, ಆದರೆ ಅವನು ಯಾರೆಂಬುದು ಇತ್ಯರ್ಥವಾಗಿಲ್ಲ. ಕಂಡಕಂಡ ಹೆಸರನ್ನು ಅಂಟಿಸುವುದಕ್ಕಿಂತ ಖಾಲಿ ಬಿಡುವುದು ಲೇಸು ಎಂದು ಅದನ್ನಿಟ್ಟುಕೊಂಡೇ ಕಲಿಸಬಹುದು. ಇಸ್ರೇಲ್-ಪ್ಯಾಲೆಸ್ಟೀನ್ ಸುದ್ದಿಯ ಪ್ರಶ್ನೆ ಬಂದೇ ಬರುತ್ತದೆ. ಗದರಿಸಿ ಕೂಡಿಸಬೇಡಿ. ಒಂದು ದೇಶದ ಸರ್ಕಾರ ಬೇರೆ, ಜಗತ್ತಿನ ತುಂಬ ಬಾಳುವ ಸಮುದಾಯ ಬೇರೆ ಎಂದು ತಿಳಿಸಿ, ಆ ಚರ್ಚೆಗೆ ಬೇರೆ ದಿನ ಗೊತ್ತುಮಾಡಿ, ಆ ದಿನ ತಪ್ಪದೆ ಮಾಡಿ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು 1948. ಮನೆಯ ಹಿರಿಯರನ್ನು ಮಾತಾಡಿಸಲು ಕಳಿಸಿದರೆ ರಜಾಕಾರರ ಹಾವಳಿಯಲ್ಲಿ ಸತ್ತವರ ಕಥೆ ಬರುತ್ತದೆ, ಪೊಲೀಸ್ ಆ್ಯಕ್ಷನ್ ನಂತರ ಸತ್ತ ಮುಸ್ಲಿಮರ ಮನೆಗಳ ಕಥೆಯೂ ಬರುತ್ತದೆ. ಎರಡೂ ಮನೆಯ ಮಕ್ಕಳು ಒಂದೇ ಬೆಂಚಿನಲ್ಲಿರುತ್ತಾರೆ. ಅದಕ್ಕೆ ಅಂಜಿ ಪಾಠವನ್ನೇ ಬಿಡಬಾರದು, ಸಿದ್ಧತೆ ಇಲ್ಲದೆ ಹೊರಡಲೂಬಾರದು. ಅಂಥ ಪುಟವನ್ನು ಮಗು ಮೊದಲು ಶಿಕ್ಷಕರಿಗೆ ಒಬ್ಬರಿಗೇ ತೋರಿಸಬೇಕು. ತರಗತಿಯಲ್ಲಿ ಓದುವಾಗ ಕಳೆದುಕೊಂಡವರ ಹೆಸರಿರಲಿ, ಊರಿನಲ್ಲಿ ಇಂದೂ ಇರುವ ಯಾವ ಮನೆತನದ ಮೇಲೂ ಬೆರಳು ತೋರುವ ಸಾಲು ಬೇಡ. ಯಾರ ನೋವು ದೊಡ್ಡದು ಎಂದು ತೂಗುವ ಪ್ರಶ್ನೆಯನ್ನು ಶಿಕ್ಷಕರು ಕೇಳಲೂಬಾರದು, ಬೆಳೆಯಲು ಬಿಡಲೂಬಾರದು. ಹಿರಿಯರು ಅತ್ತರೆ ರೆಕಾರ್ಡರ್ ನಿಲ್ಲಿಸಿ ನೀರು ಕೊಡಬೇಕು. ಬೇಡವೆಂದರೆ ಅಳಿಸಬೇಕು. ಸಹಿ ಪಡೆಯದೆ ಯಾವ ಮನೆಯ ಫೋಟೊವೂ ಗೋಡೆಗೆ ಹೋಗಬಾರದು. ಮೊಬೈಲ್ ಸ್ಟೇಟಸ್ಸಿಗೆ ಹಾಕಲಂತೂ ಅನುಮತಿಯೇ ಇಲ್ಲ ಎಂದು ಇಟ್ಟುಕೊಳ್ಳಿ.

ಸಂಪಾದಕರೇ, ತಮ್ಮಿಂದ ಎರಡು ಸಹಾಯ ಬೇಕು. ಜಿಲ್ಲಾ ಪುಟದಲ್ಲಿ ವಾರಕ್ಕೊಂದು ಹಳೆ ಫೋಟೊ ಹಾಕಿ. ಕೆಳಗೆ ಇರುವವರು ಯಾರು, ಊರು, ಕಾಲ, ತೆಗೆದವರು, ಯಾರ ಮನೆಯಲ್ಲಿತ್ತು ಎಂಬ ಐದೂ ಇರಲಿ, ತಿಳಿಯದ ಕಡೆ ಜಾಗ ಖಾಲಿ ಬಿಡಿ, ಓದುಗರೇ ತುಂಬುತ್ತಾರೆ. ಎರಡನೆಯದು, ಮೋಡಿ ಮತ್ತು ಹಳೆ ಉರ್ದು ಕೈಬರಹ ಓದಬಲ್ಲ ಹಿರಿಯರು ಮೂರೂ ಜಿಲ್ಲೆಗಳಲ್ಲಿ ಇನ್ನೂ ಇದ್ದಾರೆ. ತಾಲ್ಲೂಕಿಗೆ ಇಬ್ಬರಾದರೂ ಹತ್ತಿರದ ಹೈಸ್ಕೂಲಿಗೆ ತಾವಾಗಿ ಹೋಗಿ ಹೆಸರು ಬರೆಸಬೇಕೆಂದು ಪತ್ರಿಕೆಯ ಮೂಲಕ ಕರೆ ಕೊಡಿ. ಬೇಸಿಗೆ ರಜೆ ಬರುವ ಮೊದಲೇ ಆದರೆ ಒಳ್ಳೆಯದು, ಮನೆಗೆ ಸುಣ್ಣ ಬಳಿಯಲು ಅಟ್ಟ ಇಳಿಸುವ ಆ ತಿಂಗಳಲ್ಲೇ ಹಳೆ ಫೋಟೊಗಳು ಹೊರಗೆ ಬರುತ್ತವೆ, ರದ್ದಿಗೆ ಹೋಗುವುದೂ ಆಗಲೇ.

ತಮ್ಮ ವಿಶ್ವಾಸಿಗಳು,
ಕೆಲವು ಸಮಾಜ ವಿಜ್ಞಾನ ಶಿಕ್ಷಕರು
ಕಲಬುರಗಿ